ಪಿಯಾನೋ ಮುಂದಿನಿಂದ ಎದ್ದುಹೋದ ಯುವಕ: ಶ್ರೀ ಜಯಚಾಮರಾಜ ಒಡೆಯರ್ ಅವರ ಜೀವನ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಮಕ್ಕಳು ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ ಮುಂದಿನ ಓದಿಗೆ ಊರು ಬಿಡುವಾಗ ಒಂದು ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್, ಮೈಸೂರಿನ ಎಸ್.ಜೆ. ಇಂಜಿನಿಯರಿಂಗ್ ಕಾಲೇಜು, ಬೆಂಗಳೂರಿನ ಜೆ.ಸಿ. ರಸ್ತೆ. ಈ ಅಕ್ಷರಗಳ ಹಿಂದೆ ಯಾರಿದ್ದಾರೆ ಎಂದು ತರಗತಿಯಲ್ಲಿ ಕೇಳಿದರೆ ಕೆಲವರು ಮೈಸೂರು ಮಹಾರಾಜರು ಎನ್ನುತ್ತಾರೆ. ಯಾವ ಮಹಾರಾಜರು ಎಂದರೆ ಉತ್ತರ ಬರುವುದಿಲ್ಲ. ಅವರು ಶ್ರೀ ಜಯಚಾಮರಾಜ ಒಡೆಯರ್, ಮೈಸೂರು ಸಂಸ್ಥಾನವನ್ನು ಆಳಿದ ಕೊನೆಯ ಅರಸರು.

ಅವರ ಬಗ್ಗೆ ದಸರಾ ಅಂಬಾರಿಯ ಚಿತ್ರದ ಜೊತೆಗೆ ನಾಲ್ಕು ಸಾಲು ಪಠ್ಯಪುಸ್ತಕದಲ್ಲಿ ಸಿಗಬಹುದು. ಆದರೆ ಅವರು ಆಗಬೇಕೆಂದು ಆಸೆಪಟ್ಟದ್ದು ಬೇರೆಯೇ ಆಗಿತ್ತು. ಅವರಿಗೆ ಪಿಯಾನೋ ವಾದಕರಾಗುವ ಆಸೆಯಿತ್ತು. ದೇಶವಿದೇಶದ ಸಭಾಂಗಣಗಳಲ್ಲಿ ನೂರಾರು ಜನರ ಮುಂದೆ ಕುಳಿತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಕಲಾವಿದರಾಗುವ ಆಸೆ. ಅದು ಈಡೇರಲಿಲ್ಲ. ಈಡೇರದ ಆ ಆಸೆಯನ್ನು ಇಟ್ಟುಕೊಂಡು ಅವರು ಏನು ಮಾಡಿದರು ಎಂಬುದೇ ಈ ಲೇಖನದ ವಿಷಯ. ವಿದ್ಯಾರ್ಥಿಗಳೂ ಸಂಘದ ಹಿರಿಯರೂ ಇದನ್ನು ಓದಬೇಕೆಂದು ನನ್ನ ಕೋರಿಕೆ. ಇಬ್ಬರಿಗೂ ಇದರಲ್ಲಿ ಒಂದೊಂದು ಪಾಠವಿದೆ.

ಜನನ ಮತ್ತು ಅರಮನೆಯ ವಾತಾವರಣ

ಜಯಚಾಮರಾಜ ಒಡೆಯರ್ ಅವರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ಆಗ ರಾಜ್ಯವಾಳುತ್ತಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಅವರ ನಂತರ ತಮ್ಮನಾದ ಯುವರಾಜರು, ಯುವರಾಜರ ನಂತರ ಅವರ ಮಗ ಎಂಬುದು ಎಲ್ಲರಿಗೂ ಗೊತ್ತಿದ್ದ ಕ್ರಮ. ಅಂದರೆ ಬಾಲಕ ಜಯಚಾಮರಾಜರ ಸರದಿ ಬರಲು ಇನ್ನೂ ಬಹಳ ವರ್ಷಗಳಿದ್ದವು.

ನಾಲ್ವಡಿಯವರ ಕಾಲದ ಮೈಸೂರು ಅರಮನೆ ಸಂಗೀತದ ಮನೆಯಾಗಿತ್ತು. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು ಅಲ್ಲಿದ್ದರು. ನಮ್ಮ ಪಕ್ಕದ ತಿರುಮಕೂಡಲಿನಲ್ಲಿ ಹುಟ್ಟಿ, ಏಳು ತಂತಿಯ ಪಿಟೀಲನ್ನು ರೂಪಿಸಿ ಹೆಸರಾದ ಟಿ. ಚೌಡಯ್ಯನವರೂ ಆಸ್ಥಾನ ವಿದ್ವಾಂಸರಾಗಿದ್ದರು. ಹಿಂದೂಸ್ತಾನಿ ಸಂಗೀತದ ಉಸ್ತಾದರಿಗೂ ಅಲ್ಲಿ ಅಷ್ಟೇ ಗೌರವವಿತ್ತು. ಸಿತಾರ್ ವಾದಕ ಬರ್ಕತ್ ಉಲ್ಲಾ ಖಾನ್ ಅವರು ಆಸ್ಥಾನದಲ್ಲಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಅವರು ದೂರದಿಂದ ಬಂದು ಹಾಡುತ್ತಿದ್ದರು. ಆಗ್ರಾ ಘರಾಣೆಯ ಫೈಯಾಜ್ ಖಾನ್ ಅವರಿಗೆ ಆಫ್ತಾಬ್-ಎ-ಮೌಸಿಕಿ, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ದೊರೆತದ್ದು ಮೈಸೂರಿನಿಂದಲೇ. ಇವೆಲ್ಲದರ ಜೊತೆಗೆ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಕೂಡ ಇತ್ತು. ಅದನ್ನು ತರಬೇತಿ ಮಾಡುತ್ತಿದ್ದವರು ಒಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು. ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು.

ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ಸಂಗೀತದಲ್ಲಿ ನಮ್ಮದು, ಅವರದು ಎಂಬ ಗೋಡೆ ಇರಲಿಲ್ಲ. ಒಂದು ಕೋಣೆಯಲ್ಲಿ ವೀಣೆ, ಇನ್ನೊಂದರಲ್ಲಿ ಸಿತಾರ್, ಮತ್ತೊಂದರಲ್ಲಿ ಪಿಯಾನೋ. ಬಾಲಕನ ಮನಸ್ಸು ಹೆಚ್ಚಾಗಿ ನೆಟ್ಟದ್ದು ಪಿಯಾನೋದ ಮೇಲೆ.

ವಿದ್ಯಾಭ್ಯಾಸ ಮತ್ತು ಪಿಯಾನೋ

ಪಿಯಾನೋ ನೋಡದ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ನಮ್ಮ ಹಾರ್ಮೋನಿಯಂನಂತೆ ಇದಕ್ಕೂ ಬಿಳಿ, ಕಪ್ಪು ಮನೆಗಳಿರುತ್ತವೆ. ಒಟ್ಟು 88: ಅದರಲ್ಲಿ 52 ಬಿಳಿ, 36 ಕಪ್ಪು. ಹಾರ್ಮೋನಿಯಂನಲ್ಲಿ ಗಾಳಿಯಿಂದ ನಾದ ಹುಟ್ಟುತ್ತದೆ. ಪಿಯಾನೋದಲ್ಲಿ ಮನೆಯನ್ನು ಒತ್ತಿದಾಗ ಒಳಗಿರುವ ಸಣ್ಣ ಸುತ್ತಿಗೆ ಬಿಗಿದ ತಂತಿಗೆ ಹೊಡೆಯುತ್ತದೆ. ಎರಡು ಕೈಗಳ ಹತ್ತು ಬೆರಳುಗಳೂ ಏಕಕಾಲಕ್ಕೆ ಬೇರೆ ಬೇರೆ ಸ್ವರಗಳನ್ನು ನುಡಿಸಬೇಕು. ಸಭೆಯಲ್ಲಿ ನುಡಿಸುವ ಮಟ್ಟ ತಲುಪಲು ಚಿಕ್ಕಂದಿನಿಂದಲೇ ದಿನಕ್ಕೆ ಹಲವು ಗಂಟೆಗಳ ಅಭ್ಯಾಸ ಬೇಕು. ಕೆಲವು ತಿಂಗಳು ಬಿಟ್ಟರೂ ಬೆರಳುಗಳು ಮರೆಯುತ್ತವೆ.

ಜಯಚಾಮರಾಜರು ಈ ಕಠಿಣ ದಾರಿಯನ್ನು ಹವ್ಯಾಸವೆಂದು ಹಿಡಿಯಲಿಲ್ಲ, ಪರೀಕ್ಷೆಗಳ ಮೂಲಕ ಹತ್ತಿದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಅವರಿಗೆ ದೊರೆಯಿತು. ಮುಂದೆ 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು.

ಶಾಲಾ ವಿದ್ಯೆಯಲ್ಲೂ ಅವರು ಹಿಂದೆ ಬೀಳಲಿಲ್ಲ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಬಿ.ಎ. ಪದವಿಯನ್ನು ಚಿನ್ನದ ಪದಕಗಳೊಂದಿಗೆ ಪಡೆದರು. ಮರುವರ್ಷ, 1939ರಲ್ಲಿ, ಯೂರೋಪ್ ಪ್ರವಾಸ ಮಾಡಿದರು. ಲಂಡನ್ನಿನಲ್ಲಿ ಅನೇಕ ಕಲಾವಿದರನ್ನೂ ವಿದ್ವಾಂಸರನ್ನೂ ಕಂಡರು. ಇಪ್ಪತ್ತು ವರ್ಷದ ಯುವಕ, ಕೈಯಲ್ಲಿ ವಿದ್ಯೆ, ಮುಂದೆ ಕಾಲಾವಕಾಶ. ತಂದೆ ಇದ್ದರು, ದೊಡ್ಡಪ್ಪ ಇದ್ದರು. ರಾಜ್ಯದ ಭಾರ ಹೆಗಲಿಗೆ ಬೀಳುವ ಮೊದಲು ಸಂಗೀತಕ್ಕಾಗಿ ಕೆಲವು ವರ್ಷ ಕೊಡಬಹುದು ಎಂದು ಯಾರಿಗಾದರೂ ಅನ್ನಿಸುವ ಕಾಲ ಅದು.

1940: ಐದು ತಿಂಗಳಲ್ಲಿ ಎರಡು ಸಾವು

1940ರ ಮಾರ್ಚ್ 11ರಂದು ತಂದೆ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 3ರಂದು, ದೊಡ್ಡಪ್ಪ ನಾಲ್ವಡಿಯವರೂ ನಿಧನರಾದರು. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಸೆಪ್ಟೆಂಬರ್ 8ರಂದು ಜಯಚಾಮರಾಜರಿಗೆ ಪಟ್ಟವಾಯಿತು. ವಯಸ್ಸು 21.

ದೊಡ್ಡಪ್ಪನವರ ಬಾಲ್ಯದ ಸಹಪಾಠಿಯೂ 1926ರಿಂದ ದಿವಾನರೂ ಆಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಆ ಮೊದಲ ತಿಂಗಳುಗಳಲ್ಲಿ ಆಡಳಿತ ನಡೆಸಿದರು. 1941ರಲ್ಲಿ ಅವರೂ ರಾಜೀನಾಮೆ ನೀಡಿ ಹೊರನಡೆದರು. ಹೊಸ ಅರಸರ ಮುಂದೆ ಕಡತಗಳು, ಯುದ್ಧಕಾಲದ ತೊಂದರೆಗಳು, ಸ್ವಾತಂತ್ರ್ಯ ಚಳವಳಿಯ ಬಿಸಿ, ದರ್ಬಾರಿನ ವಿಧಿಗಳು ಸಾಲುಗಟ್ಟಿ ನಿಂತವು.

ಪಿಯಾನೋ ವಾದಕನಾಗುವ ಯೋಚನೆ ಅಲ್ಲಿಗೆ ಮುಗಿಯಿತು. ಒಬ್ಬ ಮಹಾರಾಜ ಲಂಡನ್ನಿನ ವೇದಿಕೆಯಲ್ಲಿ ಟಿಕೆಟ್ಟಿಟ್ಟು ಪಿಯಾನೋ ನುಡಿಸಲು ಅಂದಿನ ರಾಜಮರ್ಯಾದೆ ಬಿಡುತ್ತಿರಲಿಲ್ಲ. ದಿನಕ್ಕೆ ಆರೆಂಟು ಗಂಟೆ ಅಭ್ಯಾಸ ಮಾಡುವ ಸಮಯವೂ ಉಳಿಯಲಿಲ್ಲ.

ಇಂಥ ಸ್ಥಿತಿಯಲ್ಲಿ ಮನುಷ್ಯ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾನೆ. ಕಳೆದುಕೊಂಡದ್ದನ್ನು ನೆನೆದು ಕಹಿಯಾಗುತ್ತಾನೆ, ಇಲ್ಲವೇ ಅದರ ಹೆಸರೇ ಬೇಡವೆಂದು ಮರೆತುಬಿಡುತ್ತಾನೆ. ಜಯಚಾಮರಾಜರು ಎರಡನ್ನೂ ಮಾಡಲಿಲ್ಲ. ನುಡಿಸಲಾಗದವರು ಕೇಳುವುದನ್ನು ಇನ್ನಷ್ಟು ಗಂಭೀರವಾಗಿ ಹಿಡಿದರು. ಗ್ರಾಮಫೋನ್ ತಟ್ಟೆಗಳನ್ನು ಜಗತ್ತಿನ ಮೂಲೆಮೂಲೆಗಳಿಂದ ತರಿಸಿದರು. ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂಬ ಅಂದಾಜಿದೆ. ಹೀಗೆ ಕೇಳುತ್ತಾ ಹೋದಾಗ ಅವರ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಲಂಡನ್ನಿನಲ್ಲಿ ಬದುಕಿದ್ದ ಒಬ್ಬ ವೃದ್ಧರ ಸಂಗೀತ.

ಲಂಡನ್ನಿನ ವೃದ್ಧ ಸಂಗೀತಗಾರ

ಅವರ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಅಲ್ಲಿನ ಪ್ರಸಿದ್ಧ ಸಂಗೀತ ಶಾಲೆಯಲ್ಲಿ ಕಲಿತು 1900ರಲ್ಲಿ ಹೊರಬಂದರು. ಬಹಳ ದೊಡ್ಡ ಪಿಯಾನೋ ವಾದಕರು. ಆದರೆ ಇತರರು ಬರೆದದ್ದನ್ನು ನುಡಿಸುತ್ತಾ ಊರೂರು ಸುತ್ತುವುದಕ್ಕಿಂತ ಸ್ವಂತ ರಚನೆಗಳನ್ನು ಮಾಡುವುದೇ ತನ್ನ ಕೆಲಸವೆಂದು ನಂಬಿದವರು. 14 ಪಿಯಾನೋ ಸೊನಾಟಾಗಳು, ಪಿಯಾನೋ ಮತ್ತು ದೊಡ್ಡ ವಾದ್ಯವೃಂದ ಸೇರಿ ನುಡಿಸುವ ಮೂರು ಕಾನ್ಸರ್ಟೋಗಳು, ನೂರಕ್ಕೂ ಹೆಚ್ಚು ಹಾಡುಗಳು ಅವರ ಜೀವಮಾನದ ಬೆಳೆ. ವಿಶ್ವಪ್ರಸಿದ್ಧ ಸಂಗೀತಗಾರ ರಖ್ಮನಿನಾಫ್ ಅವರ ಆಪ್ತ ಸ್ನೇಹಿತರು. ಇಬ್ಬರೂ ಒಬ್ಬರಿಗೊಬ್ಬರು ಒಂದೊಂದು ಕಾನ್ಸರ್ಟೋ ಅರ್ಪಿಸಿಕೊಂಡಿದ್ದರು.

ರಷ್ಯಾದ ಕ್ರಾಂತಿಯ ನಂತರ 1921ರಲ್ಲಿ ಮೆಟ್ನರ್ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಎಂದು ಅಲೆದು 1930ರ ದಶಕದ ನಡುವೆ ಲಂಡನ್ನಿನಲ್ಲಿ ಮನೆ ಮಾಡಿದರು. ಅಷ್ಟರಲ್ಲಿ ಕಾಲದ ರುಚಿ ಬದಲಾಗಿತ್ತು. ಅವರ ಸಂಗೀತ ಹಳೆಯದೆಂದು ಅನೇಕರು ಪಕ್ಕಕ್ಕೆ ಸರಿಸಿದರು. ಮನೆಪಾಠ ಹೇಳಿ, ಅಲ್ಲೊಂದು ಇಲ್ಲೊಂದು ಕಛೇರಿ ಮಾಡಿ ಪತ್ನಿಯೊಂದಿಗೆ ಜೀವನ ಸಾಗಿಸುತ್ತಿದ್ದರು. ಯುದ್ಧ ಬಂದ ಮೇಲೆ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಬಾಂಬ್ ದಾಳಿಗೆ ಹೆದರಿ ಲಂಡನ್ ಬಿಟ್ಟಾಗ ಶಿಷ್ಯೆಯೊಬ್ಬರ ಕುಟುಂಬ ಆಶ್ರಯ ಕೊಟ್ಟಿತು. ಅಲ್ಲಿಯೇ ಹೃದಯದ ಕಾಯಿಲೆಯ ನಡುವೆ ತಮ್ಮ ಮೂರನೆಯ ಕಾನ್ಸರ್ಟೋ ಮುಗಿಸಿದರು. 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ಅದನ್ನು ಮೊದಲ ಬಾರಿಗೆ ನುಡಿಸಿದರು. ಆಗ ಅವರಿಗೆ 64 ವರ್ಷ. ತಮ್ಮ ಕೃತಿಗಳನ್ನು ತಮ್ಮ ಕೈಯಿಂದಲೇ ಧ್ವನಿಮುದ್ರಣ ಮಾಡಿಟ್ಟು ಹೋಗಬೇಕೆಂಬುದು ಅವರ ಕೊನೆಯ ಹಂಬಲ. ಆದರೆ ಮಾರಾಟವಾಗದ ಸಂಗೀತಕ್ಕೆ ಯಾವ ಕಂಪನಿ ಹಣ ಹಾಕುತ್ತದೆ?

ಯುದ್ಧ ಮುಗಿದ ಮರುವರ್ಷ ಅವರಿಗೆ ಎಂದೂ ನೋಡದ ಊರಿನಿಂದ ಸಂದೇಶ ಬಂತು. ಲಂಡನ್ನಿನಲ್ಲಿದ್ದ ಮೈಸೂರು ಸರ್ಕಾರದ ಟ್ರೇಡ್ ಕಮಿಷನರ್ ಅವರನ್ನು ಸಂಪರ್ಕಿಸಿದರು. ಮೈಸೂರು ಮಹಾರಾಜರು ನಿಮ್ಮ ಸಂಗೀತವನ್ನು ಪ್ರೀತಿಸುತ್ತಾರೆ, ನಿಮ್ಮ ಕೃತಿಗಳ ಧ್ವನಿಮುದ್ರಣದ ಖರ್ಚನ್ನು ಭರಿಸಲು ಬಯಸುತ್ತಾರೆ ಎಂಬುದು ಸಂದೇಶದ ಸಾರ. ಮೆಟ್ನರ್ ಸಂಘ ಎಂಬ ಸಂಸ್ಥೆಯೇ ಹುಟ್ಟಿತು. 1947ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಎರಡನೆಯ ಮತ್ತು ಮೂರನೆಯ ಕಾನ್ಸರ್ಟೋಗಳನ್ನು ಮೆಟ್ನರ್ ನುಡಿಸಿದರು. ನಂತರ ಮೊದಲನೆಯದು, ಸೊನಾಟಾಗಳು, ಹಾಡುಗಳು ಬಂದವು.

ಆ ಕಾಲದ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಒಂದು ಮಗ್ಗುಲಲ್ಲಿ ನಾಲ್ಕು ನಿಮಿಷದಷ್ಟು ಸಂಗೀತ ಮಾತ್ರ ಹಿಡಿಯುತ್ತಿತ್ತು. ಅರ್ಧ ಗಂಟೆ ಮೀರಿದ ಒಂದು ಕಾನ್ಸರ್ಟೋಗೆ ಹಲವು ತಟ್ಟೆಗಳು ಬೇಕು. ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ, ತಪ್ಪಾದರೆ ಮತ್ತೆ ಮೊದಲಿನಿಂದ ನುಡಿಸಿ, ಹೃದಯರೋಗಿಯಾದ ಆ ವೃದ್ಧರು ಈ ಕೆಲಸ ಮಾಡಿದರು. ಕೃತಜ್ಞತೆಯಿಂದ ತಮ್ಮ ಮೂರನೆಯ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಇಂದಿಗೂ ಆ ಕೃತಿಯ ಜೊತೆಗೆ ಮೈಸೂರಿನ ಹೆಸರು ಉಳಿದುಕೊಂಡಿದೆ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ಕಣ್ಣು ಮುಚ್ಚಿದರು. ಎಲ್ಲ ಕೃತಿಗಳನ್ನೂ ಮುದ್ರಿಸಲು ಆಗಿರಲಿಲ್ಲ. ಆದರೆ ಮುಖ್ಯವಾದವು ಉಳಿದವು. ಇಂದು ಜಗತ್ತಿನ ಪಿಯಾನೋ ವಿದ್ಯಾರ್ಥಿಗಳು ಮೆಟ್ನರ್ ತಮ್ಮ ಸಂಗೀತವನ್ನು ಹೇಗೆ ನುಡಿಸುತ್ತಿದ್ದರು ಎಂದು ಕೇಳಿ ತಿಳಿಯಬಹುದಾದರೆ ಅದಕ್ಕೆ ಕಾರಣ ಈ ನೆರವು.

ಫಿಲ್ಹಾರ್ಮೋನಿಯಾದ ಅಧ್ಯಕ್ಷರು

ಈ ಧ್ವನಿಮುದ್ರಣಗಳ ಹಿಂದೆ ವಾಲ್ಟರ್ ಲೆಗ್ ಎಂಬ ಇಂಗ್ಲಿಷ್ ನಿರ್ಮಾಪಕರಿದ್ದರು. 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದವರು ಅವರೇ. ಯುದ್ಧದಿಂದ ಜರ್ಜರಿತವಾಗಿದ್ದ ಲಂಡನ್ನಿನಲ್ಲಿ ಹೊಸ ವಾದ್ಯವೃಂದವನ್ನು ನಿಲ್ಲಿಸುವುದು ಸುಲಭವಾಗಿರಲಿಲ್ಲ. ಲೆಗ್ ಅವರು ಮೈಸೂರಿಗೆ ಬಂದು ಮಹಾರಾಜರ ಅತಿಥಿಯಾಗಿ ಉಳಿದರು. ಅರಮನೆಯ ತಟ್ಟೆಗಳ ಭಂಡಾರವನ್ನೂ ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು.

ವಾದ್ಯವೃಂದವನ್ನು ನಡೆಸುವವರನ್ನು ಅಲ್ಲಿ ಕಂಡಕ್ಟರ್ ಎನ್ನುತ್ತಾರೆ. ನಮ್ಮ ಬಸ್ಸಿನ ಕಂಡಕ್ಟರ್ ಸೀಟಿ ಊದಿದಂತೆ ಇವರು ಕೈಯ ಕೋಲಿನಿಂದ ಎಲ್ಲರನ್ನೂ ಹೊರಡಿಸುತ್ತಾರೆ, ನಿಲ್ಲಿಸುತ್ತಾರೆ. ಮುಂದೆ ಜಗತ್ಪ್ರಸಿದ್ಧರಾದ ಹರ್ಬರ್ಟ್ ಫಾನ್ ಕರಾಯನ್ ಅವರು ಆ ವರ್ಷಗಳಲ್ಲಿ ಫಿಲ್ಹಾರ್ಮೋನಿಯಾವನ್ನು ನಡೆಸಿ, ಹೆಚ್ಚು ಜನ ಕೇಳದ ಕೆಲವು ಕೃತಿಗಳನ್ನು ಮುದ್ರಿಸಿದರು. ಆ ಆಯ್ಕೆಯ ಹಿಂದೆಯೂ ಮಹಾರಾಜರ ಅಭಿರುಚಿ ಇತ್ತು.

ಇನ್ನೊಂದು ಘಟನೆ ಸಂಗೀತದ ಇತಿಹಾಸದಲ್ಲಿ ದಾಖಲಾಗಿದೆ. ಜರ್ಮನಿಯ ಹಿರಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರು 1948ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ನಾಲ್ಕು ಹಾಡುಗಳನ್ನು ರಚಿಸಿದರು. ಅವು ವೇದಿಕೆ ಏರುವ ಮೊದಲೇ, 1949ರಲ್ಲಿ ಅವರು ತೀರಿಕೊಂಡರು. ನಾಲ್ಕು ಕೊನೆಯ ಹಾಡುಗಳು ಎಂದೇ ಅವು ಹೆಸರಾದವು. ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರೇ ಹಾಡಬೇಕೆಂಬುದು ಸ್ಟ್ರಾಸ್ ಅವರ ಇಚ್ಛೆಯಾಗಿತ್ತು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆಕೆ ಹಾಡಿದರು. ಫಿಲ್ಹಾರ್ಮೋನಿಯಾ ನುಡಿಸಿತು, ಫುರ್ಟ್‌ವೆಂಗ್ಲರ್ ನಡೆಸಿದರು. ಆ ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರ್. ಅವರು ಅಂದು ಸಭೆಯಲ್ಲಿರಲಿಲ್ಲ. ಆ ಸಂಗೀತ ಮುದ್ರಣಗೊಂಡು ಹಡಗು ಹತ್ತಿ ಮೈಸೂರಿಗೆ ಬರಬೇಕಿತ್ತು.

ಒಮ್ಮೆ ಈ ಚಿತ್ರವನ್ನು ಕಲ್ಪಿಸಿಕೊಳ್ಳಿ. ತಾನು ಕುಳಿತು ನುಡಿಸಬೇಕೆಂದಿದ್ದ ನಗರದಲ್ಲಿ, ತಾನೇ ನಿಲ್ಲಿಸಿದ ವಾದ್ಯವೃಂದ ನುಡಿಸುತ್ತಿದೆ. ತಾನು ಮಾತ್ರ ಸಾವಿರಾರು ಮೈಲಿ ದೂರದಲ್ಲಿ ತಟ್ಟೆಯ ದಾರಿ ಕಾಯುತ್ತಿದ್ದಾನೆ.

ಕೇಳಲೇಬೇಕಾದ ಒಂದು ಪ್ರಶ್ನೆ

ಮಹನೀಯರ ಜೀವನ ಬರೆಯುವಾಗ ಹೊಗಳಿಕೆಯನ್ನು ಮಾತ್ರ ಬರೆದರೆ ವಿದ್ಯಾರ್ಥಿಗಳಿಗೆ ನಾವು ಮೋಸ ಮಾಡಿದಂತಾಗುತ್ತದೆ. 10,000 ಪೌಂಡ್ ಎಂದರೆ ಅಂದಿನ ಲೆಕ್ಕದಲ್ಲಿ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ ಮೀರುತ್ತಿತ್ತು. ಯುದ್ಧ ಮುಗಿದ ಕಾಲ, ಜನರಿಗೆ ರೇಷನ್ ಧಾನ್ಯವೇ ಸಾಲದ ಕಾಲ. ಅರಮನೆಯ ಹಣದ ಮೂಲ ಕೊನೆಗೂ ರೈತರ ಕಂದಾಯ. ಅದು ಲಂಡನ್ನಿನ ಸಂಗೀತಕ್ಕೆ ಹೋಗಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ.

ಮೆಟ್ನರ್ ಲಂಡನ್ನಿನಲ್ಲಿ ಕಾನ್ಸರ್ಟೋ ಮುದ್ರಿಸಿದ ಅದೇ 1947ರಲ್ಲಿ ಮೈಸೂರಿನ ಬೀದಿಗಳಲ್ಲಿ ಬೇರೆಯೇ ದನಿ ಎದ್ದಿತ್ತು. ಮಹಾರಾಜರು ಆಗಸ್ಟ್ 9ರಂದು ಭಾರತದ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಜನರ ಕೈಗೆ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ವಿದ್ಯಾರ್ಥಿಗಳು ಶಾಲೆ ಕಾಲೇಜು ಬಿಟ್ಟು ಹೊರಬಂದರು. ರಾಮಸ್ವಾಮಿ ಎಂಬ ವಿದ್ಯಾರ್ಥಿ ಮೈಸೂರಿನಲ್ಲಿ ಗುಂಡಿಗೆ ಬಲಿಯಾದ. ಇಂದು ನಾವು ಮೈಸೂರಿಗೆ ಹೋದಾಗ ಹಾದುಹೋಗುವ ರಾಮಸ್ವಾಮಿ ವೃತ್ತ ಅವನ ನೆನಪಿನದು. ಅಕ್ಟೋಬರಿನಲ್ಲಿ ಮಹಾರಾಜರು ಜನರ ಬೇಡಿಕೆಗೆ ಒಪ್ಪಿ, ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾಯಿತು.

ಜಯಚಾಮರಾಜರ ಕಥೆಯನ್ನು ಹೇಳುವಾಗ ರಾಮಸ್ವಾಮಿಯನ್ನು ಮರೆಯಬಾರದು. ಹಾಗೆಯೇ, ಅಧಿಕಾರ ಬಿಡುವ ಹೊತ್ತು ಬಂದಾಗ ಕೆಲವು ಸಂಸ್ಥಾನಗಳಲ್ಲಿ ನಡೆದಂಥ ದೀರ್ಘ ರಕ್ತಪಾತಕ್ಕೆ ಎಡೆಕೊಡದೆ ಅವರು ದಾರಿ ಬಿಟ್ಟರು ಎಂಬುದನ್ನೂ ಮರೆಯಬಾರದು. ಸಂಸ್ಥಾನದ ಕಾಲ ಮುಗಿದ ಮೇಲೆ ಲಂಡನ್ನಿಗೆ ಹೋಗುತ್ತಿದ್ದ ನೆರವು ಮುಂದುವರಿಯುವಂತಿರಲಿಲ್ಲ. ಫಿಲ್ಹಾರ್ಮೋನಿಯಾ ಮಾತ್ರ ತನ್ನ ಕಾಲ ಮೇಲೆ ನಿಂತಿತ್ತು. ಅದು ಇಂದಿಗೂ ಲಂಡನ್ನಿನಲ್ಲಿ ನುಡಿಸುತ್ತಿದೆ.

ಎರಡನೆಯ ಸಂಗೀತ: ವಾಗ್ಗೇಯಕಾರರು

ಪಿಯಾನೋ ದಾರಿ ಮುಚ್ಚಿದ ಮೇಲೆ ಅವರಲ್ಲಿ ಇನ್ನೊಂದು ದಾರಿ ತೆರೆಯಿತು. ತಮ್ಮ ನೆಲದ ಕರ್ನಾಟಕ ಸಂಗೀತವನ್ನು ಅವರು ವಿದ್ಯಾರ್ಥಿಯಂತೆ ಕುಳಿತು ಕಲಿತರು. ವೀಣೆಯನ್ನು ವೆಂಕಟಗಿರಿಯಪ್ಪನವರಿಂದ ಕಲಿತರು. ರಚನೆಯ ಮರ್ಮವನ್ನು ಹಿರಿಯ ವಿದ್ವಾಂಸ ವಾಸುದೇವಾಚಾರ್ಯರಿಂದ ತಿಳಿದರು. ಆಚಾರ್ಯರಿಗೆ ಆಗ ಎಂಬತ್ತರ ಆಸುಪಾಸು, ಶಿಷ್ಯನಿಗೆ ಮೂವತ್ತೂ ತುಂಬಿರಲಿಲ್ಲ. ರಾಜನಾದವನು ತನ್ನ ಆಸ್ಥಾನದ ವಿದ್ವಾಂಸನ ಮುಂದೆ ಶಿಷ್ಯನಾಗಿ ಕೂರುವುದು ಸಣ್ಣ ಮಾತಲ್ಲ.

ಅದರ ಫಲವಾಗಿ 94 ಕೃತಿಗಳು ಹುಟ್ಟಿದವು. ಎಲ್ಲವೂ ಸಂಸ್ಕೃತದಲ್ಲಿವೆ. ಶ್ರೀವಿದ್ಯಾ ಎಂಬುದು ಅವರ ಅಂಕಿತ. ಅಪರೂಪದ ರಾಗಗಳನ್ನು ಹುಡುಕಿ ತಂದು, ಆ ರಾಗದ ಹೆಸರನ್ನು ಸಾಹಿತ್ಯದಲ್ಲೇ ಹೆಣೆಯುವುದು ಅವರ ಕ್ರಮ. ಗಂಭೀರನಾಟ, ಅಠಾಣ ರಾಗಗಳಲ್ಲಿರುವ ಅವರ ರಚನೆಗಳನ್ನು ಇಂದಿಗೂ ಕಛೇರಿಗಳಲ್ಲಿ ಹಾಡುತ್ತಾರೆ. ಪಾಶ್ಚಾತ್ಯ ಸಂಗೀತವನ್ನು ಸಾಧಿಸಿದವರು ಅದರ ತುಣುಕುಗಳನ್ನು ತಂದು ಇಲ್ಲಿ ಅಂಟಿಸಲಿಲ್ಲ. ಎರಡನ್ನೂ ಅದರದರ ಶಾಸ್ತ್ರದಂತೆಯೇ ಗೌರವಿಸಿದರು. ಎರಡು ಭಾಷೆ ಕಲಿಸುವ ಶಿಕ್ಷಕನಾದ ನನಗೆ ಇದು ಬಹಳ ಹಿಡಿಸಿದ ಗುಣ. ಉರ್ದು ತರಗತಿಯಲ್ಲಿ ಉರ್ದುವಿನ ನಡೆ, ಕನ್ನಡ ತರಗತಿಯಲ್ಲಿ ಕನ್ನಡದ ನಡೆ. ಎರಡನ್ನೂ ಚೆನ್ನಾಗಿ ಕಲಿತವನಿಗೆ ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದಿಲ್ಲ.

ಗ್ರಂಥಗಳ ವಿಷಯದಲ್ಲೂ ಅವರ ಕೆಲಸ ದೊಡ್ಡದು. ಜಯಚಾಮರಾಜೇಂದ್ರ ಗ್ರಂಥಮಾಲೆಯ ಮೂಲಕ ಸಂಸ್ಕೃತದ ಪುರಾಣಗಳೂ ಋಗ್ವೇದವೂ ಕನ್ನಡ ಅನುವಾದದೊಂದಿಗೆ ಹೊರಬಂದವು. ಋಗ್ವೇದವೊಂದೇ ಮೂವತ್ತಕ್ಕೂ ಹೆಚ್ಚು ಸಂಪುಟಗಳು. ಪಂಡಿತರ ಭಾಷೆಯಲ್ಲಿದ್ದದ್ದು ಸಾಮಾನ್ಯ ಓದುಗರ ಕನ್ನಡಕ್ಕೆ ಬಂತು. ಅವರು ಸ್ವತಃ ಇಂಗ್ಲಿಷಿನಲ್ಲಿ ತತ್ವಶಾಸ್ತ್ರದ ಪುಸ್ತಕಗಳನ್ನು ಬರೆದರು.

ನಮ್ಮ ತಾಲ್ಲೂಕುಗಳು ಮತ್ತು ಅವರು

ಒಂದು ವಿಷಯ ನಮ್ಮ ಮಕ್ಕಳಿಗೆ ಆಶ್ಚರ್ಯ ತರಬಹುದು. ಕೊಳ್ಳೇಗಾಲದ ಹಿರಿಯರು ಎಂದೂ ಈ ಮಹಾರಾಜರ ಪ್ರಜೆಗಳಾಗಿರಲಿಲ್ಲ. ಟಿಪ್ಪು ಸುಲ್ತಾನರ ಪತನದ ನಂತರ ಕೊಳ್ಳೇಗಾಲ ಬ್ರಿಟಿಷರ ಪಾಲಾಗಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನದೇ ಭಾಗ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದೊಳಗೆ, ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿತ್ತು. ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಆಡಳಿತ.

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯ ರಚನೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಸೇರಿತು. 1950ರಿಂದ ರಾಜಪ್ರಮುಖರಾಗಿದ್ದ ಜಯಚಾಮರಾಜರು ಅದೇ ದಿನ ಹೊಸ ರಾಜ್ಯದ ಮೊದಲ ರಾಜ್ಯಪಾಲರಾದರು. ಹೀಗೆ ಅರಸರಾಗಿ ಸಿಗದವರು ನಮ್ಮವರಿಗೆ ರಾಜ್ಯಪಾಲರಾಗಿ ಸಿಕ್ಕರು. 1964ರಲ್ಲಿ ಅವರು ಮದ್ರಾಸಿನ ರಾಜ್ಯಪಾಲರಾಗಿ ಹೋದರು. ನಾವು ಬಿಟ್ಟುಬಂದ ರಾಜ್ಯಕ್ಕೆ ಅವರು ಹೋದಂತಾಯಿತು. 1966ರವರೆಗೆ ಅಲ್ಲಿದ್ದರು. ಸಿಂಹಾಸನದ ಮೇಲೆ ಕುಳಿತಿದ್ದವರು ಸಂವಿಧಾನದ ಅಡಿಯ ಹುದ್ದೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದು ಆ ಕಾಲದ ಅರಸರಲ್ಲಿ ವಿರಳ.

ನಮ್ಮ ಜಿಲ್ಲೆಗೆ ಅವರ ಇನ್ನೊಂದು ನಂಟು ಕಾಡಿನದು. ಅವರ ಆಳ್ವಿಕೆಯ ಆರಂಭದಲ್ಲೇ, 1941ರಲ್ಲಿ, ಇಂದಿನ ಬಂಡೀಪುರದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಸ್ಥಾಪನೆಯಾಯಿತು. 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿ ರಚನೆಯಾದಾಗ ಅದರ ಮೊದಲ ಅಧ್ಯಕ್ಷರು ಅವರೇ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ತನ್ನ ಅತ್ಯುನ್ನತ ಗೌರವವಾದ ಫೆಲೋಶಿಪ್ ನೀಡಿತು. ಸಂಗೀತಗಾರನಾಗಬೇಕೆಂದಿದ್ದ ಯುವಕನಿಗೆ 47ನೆಯ ವಯಸ್ಸಿನಲ್ಲಿ ದೇಶವೇ ಸಂಗೀತಗಾರನೆಂದು ಮುದ್ರೆ ಒತ್ತಿತು.

1971ರ ಕೊನೆಯಲ್ಲಿ ಸಂವಿಧಾನ ತಿದ್ದುಪಡಿಯಿಂದ ರಾಜಧನವೂ ರಾಜಪದವಿಯ ಮಾನ್ಯತೆಯೂ ರದ್ದಾದವು. 1974ರ ಸೆಪ್ಟೆಂಬರ್ 23ರಂದು ಜಯಚಾಮರಾಜ ಒಡೆಯರ್ ಅವರು ಬೆಂಗಳೂರಿನಲ್ಲಿ ನಿಧನರಾದರು. ವಯಸ್ಸು ಕೇವಲ 55.

ನಮಗೇನು ಪಾಠ?

ಪ್ರಿಯ ವಿದ್ಯಾರ್ಥಿಗಳೇ, ಅವರು ಅರಸರು, ನಾವು ಯಾರು ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ 1940ರಲ್ಲಿ ಅವರಿಗಾದದ್ದು ನಮ್ಮ ಬೀದಿಗಳಲ್ಲಿ ಪ್ರತಿವರ್ಷ ಆಗುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕನ್ನಡದಲ್ಲೂ ಗಣಿತದಲ್ಲೂ ಮುಂದಿದ್ದ. ತಂದೆ ತೀರಿಕೊಂಡ ತಿಂಗಳಲ್ಲೇ ಅವನು ರೇಷ್ಮೆ ರೀಲಿಂಗ್ ಕೆಲಸಕ್ಕೆ ಕೂತ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಓದು ಬಿಟ್ಟದ್ದು ತಪ್ಪು ಎಂದು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಯ ಹೊಣೆ ಹೊರುವುದು ಸೋಲಲ್ಲ. ಆದರೆ ಹೊಣೆ ಹೊತ್ತ ಮಾತ್ರಕ್ಕೆ ಕಲಿಕೆ ಮುಗಿಯಿತೆಂದು ಭಾವಿಸಬೇಡಿ. ಮುಚ್ಚಿದ ಬಾಗಿಲ ಪಕ್ಕದಲ್ಲಿ ಕಿಟಕಿ ಇರುತ್ತದೆ. ಸಂಜೆ ಕಾಲೇಜು, ಮುಕ್ತ ವಿಶ್ವವಿದ್ಯಾಲಯ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ, ಎಷ್ಟೋ ದಾರಿಗಳಿವೆ. ಆ ಹುಡುಗನ ಇಬ್ಬರು ತಂಗಿಯರೂ ಇಂದು ಪದವಿ ಓದುತ್ತಿದ್ದಾರೆ. ಅವರ ಶುಲ್ಕ ಕಟ್ಟುತ್ತಿರುವವನು ಅವನು.

ಸಂಘದ ಸದಸ್ಯರಿಗೆ ಎರಡನೆಯ ಪಾಠ. ನಮ್ಮಲ್ಲಿ ಎಷ್ಟೋ ಹಿರಿಯರು ಓದಬೇಕೆಂದಿದ್ದು ಓದಲಾಗದೆ ಅಂಗಡಿ, ಮಗ್ಗ, ಲಾರಿ ಹಿಡಿದವರು. ಇಂದು ದೇವರ ದಯೆಯಿಂದ ನಾಲ್ಕು ಕಾಸು ಕೈಯಲ್ಲಿರುವವರು. ಜಯಚಾಮರಾಜರು ತಾನು ನುಡಿಸಲಾಗದ ಸಂಗೀತವನ್ನು ನುಡಿಸಬಲ್ಲವರ ಕೈಯಲ್ಲಿ ಉಳಿಸಿದರು. ಅವರು ಆ ನೆರವು ಕೊಟ್ಟದ್ದು ಎಂದೂ ತನ್ನ ಋಣ ತೀರಿಸಲಾಗದ, ಪರದೇಶದ, ಪರಭಾಷೆಯ ಒಬ್ಬ ವೃದ್ಧರಿಗೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ತಮಗೆ ತಪ್ಪಿದ ಓದನ್ನು ಪಕ್ಕದ ಬೀದಿಯ ಒಂದು ಮಗುವಿಗೆ ಕೊಡಿಸಿದರೆ ಸಾಕು. ಆ ಮಗು ಓದಿ ಮುಗಿಸುವ ದಿನ ತಮ್ಮ ಅರ್ಧಕ್ಕೆ ನಿಂತ ಪಾಠವೂ ಮುಗಿದಂತೆ ಅನ್ನಿಸುತ್ತದೆ.

ಈ ವರ್ಷ ಎಸ್.ಜೆ. ಕಾಲೇಜುಗಳಿಗೆ ಸೀಟು ಹುಡುಕಿ ಹೊರಡುವ ಮಕ್ಕಳು ಆ ಎರಡು ಅಕ್ಷರಗಳನ್ನು ನೋಡಿದಾಗ, ಪಿಯಾನೋ ಮುಂದಿನಿಂದ ಎದ್ದುಹೋದ ಇಪ್ಪತ್ತೊಂದರ ಯುವಕನನ್ನು ಒಮ್ಮೆ ನೆನೆಯಲಿ. ತನ್ನ ಪಾಲಿನ ಸಂಗೀತ ತಪ್ಪಿದ ಮೇಲೂ ಸಂಗೀತದ ಕೈ ಬಿಡದವರು ಅವರು.